ಆನೆ, ಕೋತಿ, ಮೊಲ: ಮನೆಯಲ್ಲೇ ಶಮಥ ಧ್ಯಾನ ಕಲಿಯುವುದು ಹೇಗೆ?

ಬೈಲಕುಪ್ಪೆಯ ಒಂದು ಅಂಗಡಿಯಲ್ಲಿ ಕೊಂಡ ಚಿತ್ರವೊಂದು ನಮ್ಮ ಮನೆಯ ಗೋಡೆ ಮೇಲಿದೆ. ಕೆಳಗಿನಿಂದ ಮೇಲಕ್ಕೆ ಹಾವಿನ ಹಾಗೆ ಬಳುಕುತ್ತಾ ಹೋಗುವ ಒಂದು ದಾರಿ. ದಾರಿಯ ಬುಡದಲ್ಲಿ ಕಪ್ಪು ಆನೆ ಓಡುತ್ತಿದೆ. ಅದರ ಮುಂದೆ ಒಂದು ಕಪ್ಪು ಕೋತಿ. ಹಿಂದಿನಿಂದ ಒಬ್ಬ ಭಿಕ್ಷು, ಒಂದು ಕೈಯಲ್ಲಿ ಹಗ್ಗ, ಇನ್ನೊಂದು ಕೈಯಲ್ಲಿ ಅಂಕುಶ ಹಿಡಿದು ಓಡಿ ಬರುತ್ತಿದ್ದಾನೆ. ದಾರಿ ಮೇಲೇರಿದ ಹಾಗೆ ಆನೆಯ ತಲೆ ಬೆಳ್ಳಗಾಗುತ್ತದೆ. ಆಮೇಲೆ ಮೈ ಬೆಳ್ಳಗಾಗುತ್ತಾ ಹೋಗುತ್ತದೆ. ನಡುವೆ ಎಲ್ಲಿಂದಲೋ ಒಂದು ಮೊಲ ಬಂದು ಆನೆಯ ಬೆನ್ನೇರಿ ಕೂತಿದೆ. ದಾರಿಯ ತುದಿ ಮುಟ್ಟುವ ಹೊತ್ತಿಗೆ ಕೋತಿಯೂ ಇಲ್ಲ, ಮೊಲವೂ ಇಲ್ಲ. ಪೂರ್ತಿ ಬಿಳಿಯಾದ ಆನೆ ಭಿಕ್ಷುವಿನ ಪಕ್ಕ ಮಲಗಿದೆ.

ಇದು ಶಮಥ ಧ್ಯಾನದ ನಕ್ಷೆ. ಆನೆ ನಮ್ಮ ಮನಸ್ಸು. ಕೋತಿ ಅದರ ಚಂಚಲ ಬುದ್ಧಿ. ಹಗ್ಗ ಅಂದರೆ ಸ್ಮೃತಿ, ಅಂದರೆ ಹಿಡಿದದ್ದನ್ನು ಮರೆಯದೆ ಇರುವುದು. ಅಂಕುಶ ಅಂದರೆ ಸಂಪ್ರಜನ್ಯ, ಅಂದರೆ ಮನಸ್ಸು ಈಗ ಏನು ಮಾಡುತ್ತಿದೆ ಅಂತ ಆಗಾಗ ಕಣ್ಣಿಟ್ಟು ನೋಡುವುದು. ಮೊಲ ಅಂದರೆ ಮಂಪರು. ಅದೂ ತುಂಬ ನಯವಾದ, ಹಿತವಾದ ಮಂಪರು.

ಕೋತಿ ಎಲ್ಲರಿಗೂ ಗೊತ್ತು. ಕಣ್ಣು ಮುಚ್ಚಿ ಎರಡು ನಿಮಿಷ ಕೂತರೆ ಸಾಕು, ಪರಿಚಯ ಆಗಿಬಿಡುತ್ತದೆ. ಮೊಲ ಹಾಗಲ್ಲ. ಅದು ಬಂದು ಕೂತದ್ದೇ ತಿಳಿಯುವುದಿಲ್ಲ. ನನಗೆ ತಿಳಿಯುವಷ್ಟರಲ್ಲಿ ಹೆಚ್ಚುಕಡಿಮೆ ಆರು ತಿಂಗಳು ಕಳೆದಿತ್ತು. ಹೊಸದಾಗಿ ಕಲಿಯುವವರಿಗೆ ಆ ಆರು ತಿಂಗಳು ಉಳಿಯಲಿ ಅಂತಲೇ ಇದನ್ನು ಬರೆಯುತ್ತಿದ್ದೇನೆ.

ಶಮಥ ಅಂದರೆ

ಪಾಳಿಯಲ್ಲಿ ಸಮಥ, ಸಂಸ್ಕೃತದಲ್ಲಿ ಶಮಥ. ಟಿಬೆಟಿಯನ್ನರು ಶಿನೆ ಅನ್ನುತ್ತಾರೆ. ಅವರ ಭಾಷೆಯಲ್ಲಿ ಶಿ ಅಂದರೆ ಶಾಂತಿ, ನೆ ಅಂದರೆ ನೆಲೆಸುವುದು. ಒಂದೇ ಒಂದು ವಿಷಯದ ಮೇಲೆ ಮನಸ್ಸನ್ನು ಇಟ್ಟು, ಅದು ಅಲ್ಲೇ ನೆಲೆ ನಿಲ್ಲುವ ಹಾಗೆ ಪಳಗಿಸುವುದು ಈ ಅಭ್ಯಾಸ. ಇದರ ಜೋಡಿ ವಿಪಶ್ಯನ. ಅದು ಇದ್ದದ್ದನ್ನು ಇದ್ದ ಹಾಗೆ ಕಾಣುವುದು. ಹಳಬರು ಒಂದು ಹೋಲಿಕೆ ಕೊಡುತ್ತಾರೆ: ಕತ್ತಲಲ್ಲಿ ಗೋಡೆಯ ಚಿತ್ರ ನೋಡಬೇಕಾದರೆ ದೀಪ ಬೇಕು. ಆ ದೀಪ ಗಾಳಿಗೆ ಅಲ್ಲಾಡುತ್ತಿದ್ದರೆ ಚಿತ್ರ ಕಾಣಿಸುವುದಿಲ್ಲ. ದೀಪವನ್ನು ಅಲ್ಲಾಡದ ಹಾಗೆ ನಿಲ್ಲಿಸುವುದು ಶಮಥದ ಕೆಲಸ.

ಬೌದ್ಧರ ಗುರಿ ದೊಡ್ಡದು, ದುಃಖದಿಂದ ಬಿಡುಗಡೆ. ನಮ್ಮಲ್ಲಿ ಬಹಳ ಜನರಿಗೆ ಸದ್ಯಕ್ಕೆ ಬೇಕಿರುವುದು ರಾತ್ರಿ ಮಲಗಿದಾಗ ತಲೆ ಓಡದೆ ಇರುವುದು, ಆಫೀಸಿನ ಸಿಟ್ಟು ಮನೆಗೆ ಬರದೆ ಇರುವುದು. ಅದಕ್ಕೂ ಇದು ಒದಗುತ್ತದೆ. ಧರ್ಮ ಬದಲಿಸಬೇಕಿಲ್ಲ. ದೇವರ ಮನೆಯಲ್ಲಿ ದೀಪ ಹಚ್ಚಿದ ಮೇಲೆ ಅಲ್ಲೇ ಕೂತು ಮಾಡಿದರೂ ಯಾವ ತೊಂದರೆಯೂ ಇಲ್ಲ.

ಮೊದಲು ಜಾಗ, ಹೊತ್ತು

ಹಳೆಯ ಗ್ರಂಥಗಳಲ್ಲಿ ಧ್ಯಾನಕ್ಕೆ ತಕ್ಕ ಜಾಗದ ಲಕ್ಷಣ ಹೇಳಿದ್ದಾರೆ: ಊಟ ಸುಲಭವಾಗಿ ಸಿಗಬೇಕು, ಕಾಡುಪ್ರಾಣಿಗಳ ಭಯ ಇರಬಾರದು, ನೆಲ ಆರೋಗ್ಯಕ್ಕೆ ಒಗ್ಗಬೇಕು, ಜೊತೆಯವರು ಒಳ್ಳೆಯವರಿರಬೇಕು, ಗದ್ದಲ ಕಡಿಮೆ ಇರಬೇಕು. ಎರಡು ರೂಮಿನ ಮನೆಯಲ್ಲಿ ಕೊನೆಯದು ಕಷ್ಟ. ಹಾಗಾಗಿ ಹೊತ್ತನ್ನು ಆರಿಸಿಕೊಳ್ಳಿ. ಮನೆಯವರು ಏಳುವ ಇಪ್ಪತ್ತು ನಿಮಿಷ ಮೊದಲು ಎದ್ದರೆ ಅದೇ ನಿಮ್ಮ ಕಾಡು. ದಿನಾ ಅದೇ ಮೂಲೆ, ಅದೇ ಹೊತ್ತು ಇರಲಿ. ಒಂದೆರಡು ವಾರ ಕಳೆದರೆ ಆ ಮೂಲೆಗೆ ಹೋದ ಕೂಡಲೇ ಮೈ ತಾನಾಗಿ ಸಡಿಲವಾಗುತ್ತದೆ.

ಮೊಬೈಲ್ ಇನ್ನೊಂದು ಕೋಣೆಯಲ್ಲಿರಲಿ. ಸೈಲೆಂಟ್ ಮಾಡಿ ಪಕ್ಕದಲ್ಲಿ ಇಟ್ಟುಕೊಳ್ಳುವುದು ಸಾಲದು. ಅದು ಕಣ್ಣಿಗೆ ಬಿದ್ದರೆ ಸಾಕು, ಮನಸ್ಸಿನ ಒಂದು ಭಾಗ ಅದನ್ನೇ ಕಾಯುತ್ತಿರುತ್ತದೆ. ಟೈಮರ್ ಬೇಕಾದರೆ ಹಳೆಯ ಅಲಾರಂ ಗಡಿಯಾರ ಒಳ್ಳೆಯದು. ಅದರ ಮುಖ ಗೋಡೆ ಕಡೆ ತಿರುಗಿಸಿ ಇಡಿ.

ಊಟ ಆದ ತಕ್ಷಣ ಕೂರಬೇಡಿ. ಮೊಲಕ್ಕೆ ಅದಕ್ಕಿಂತ ಒಳ್ಳೆಯ ಆಹ್ವಾನ ಇಲ್ಲ.

ಕೂರುವ ರೀತಿ

ಟಿಬೆಟಿಯನ್ ಪರಂಪರೆಯಲ್ಲಿ ಕೂರುವ ಭಂಗಿಗೆ ಏಳು ಅಂಶ ಹೇಳುತ್ತಾರೆ. ಕಾಲು ಮಡಚಿರಬೇಕು. ಕೈಗಳು ಮಡಿಲಲ್ಲಿ, ಎಡಗೈ ಮೇಲೆ ಬಲಗೈ. ಬೆನ್ನು ನೆಟ್ಟಗೆ, ನಾಣ್ಯಗಳನ್ನು ಒಂದರ ಮೇಲೊಂದು ಪೇರಿಸಿದ ಹಾಗೆ. ಭುಜ ಅಗಲವಾಗಿ ಬಿಟ್ಟಿರಬೇಕು. ಗಲ್ಲ ಒಂಚೂರು ಒಳಕ್ಕೆ. ನಾಲಿಗೆಯ ತುದಿ ಮೇಲಿನ ಅಂಗುಳಕ್ಕೆ ತಾಗಿರಬೇಕು. ಕಣ್ಣು ಅರೆ ತೆರೆದು, ನೋಟ ಮೂಗಿನ ತುದಿ ದಾಟಿ ಕೆಳಗೆ ಬಿದ್ದಿರಬೇಕು.

ಪದ್ಮಾಸನವೇ ಆಗಬೇಕು ಅಂತ ಮಂಡಿಗೆ ಹಿಂಸೆ ಕೊಡಬೇಡಿ. ಚಕ್ಕಳಮಕ್ಕಳ ಸಾಕು. ಆದರೆ ಬರೀ ನೆಲದ ಮೇಲೆ ಹಾಗೆ ಕೂತರೆ ಹತ್ತು ನಿಮಿಷಕ್ಕೆ ಬೆನ್ನು ಗೂನಾಗುತ್ತದೆ. ಒಂದು ಜಮಖಾನವನ್ನು ನಾಲ್ಕೈದು ಮಡಿಕೆ ಮಾಡಿ, ಅದರ ಮುಂದಿನ ಅಂಚಿನ ಮೇಲೆ ಕೂರಿ. ಸೊಂಟ ಮಂಡಿಗಿಂತ ಮೇಲಿದ್ದರೆ ಬೆನ್ನು ತಾನಾಗೇ ನೆಟ್ಟಗಾಗುತ್ತದೆ, ಎಳೆದು ಹಿಡಿಯಬೇಕಿಲ್ಲ. ಮಂಡಿ ನೋವಿರುವವರು ಕುರ್ಚಿಯಲ್ಲಿ ಕೂರಲಿ. ಬೆನ್ನು ಒರಗಿಸಬಾರದು, ಎರಡೂ ಪಾದ ನೆಲದ ಮೇಲಿರಬೇಕು. ಅಷ್ಟೇ.

ಕಣ್ಣು ಅರೆ ತೆರೆಯುವುದು ಯಾಕೆ ಅಂತ ನನಗೂ ಮೊದಲು ಅರ್ಥ ಆಗಿರಲಿಲ್ಲ. ಧ್ಯಾನ ಅಂದರೆ ಕಣ್ಣು ಮುಚ್ಚುವುದು ಅಂತಲೇ ನಾವು ಬೆಳೆದದ್ದು ಅಲ್ವಾ? ಇದಕ್ಕೆ ಕಾರಣ ಮೊಲ. ಅದರ ಬಗ್ಗೆ ಮುಂದೆ ಹೇಳುತ್ತೇನೆ.

ಉಸಿರಿನ ಮೇಲೆ ಮನಸ್ಸಿಡುವುದು

ಮನಸ್ಸನ್ನು ಕಟ್ಟಲು ಒಂದು ಗೂಟ ಬೇಕು. ಟಿಬೆಟಿಯನ್ನರಲ್ಲಿ ಬಹಳ ಜನ ಮನಸ್ಸಿನಲ್ಲೇ ಬುದ್ಧನ ಪುಟ್ಟ ಮೂರ್ತಿಯೊಂದನ್ನು ಕಲ್ಪಿಸಿಕೊಳ್ಳುತ್ತಾರೆ. ಶ್ರೀಲಂಕಾದಲ್ಲಿ 5ನೇ ಶತಮಾನದಲ್ಲಿ ಇದ್ದ ಬುದ್ಧಘೋಷ ಎಂಬ ಬೌದ್ಧ ಪಂಡಿತ ಇಂಥ 40 ಗೂಟಗಳನ್ನು ವಿವರಿಸಿದ್ದಾನೆ. ಮನೆಯಲ್ಲಿ ಕಲಿಯುವವರಿಗೆ ಉಸಿರೇ ಒಳ್ಳೆಯದು. ಅದನ್ನು ಕಲ್ಪಿಸಿಕೊಳ್ಳಬೇಕಿಲ್ಲ, ಎಲ್ಲೂ ಮರೆತು ಬರುವುದಕ್ಕೂ ಆಗುವುದಿಲ್ಲ.

ಮೂರು ಸಲ ಸಾವಕಾಶವಾಗಿ ಉಸಿರು ಬಿಡಿ. ಬಿಡುವಾಗ ಭುಜ, ದವಡೆ, ಹೊಟ್ಟೆ ಸಡಿಲವಾಗಲಿ. ಆಮೇಲೆ ಉಸಿರನ್ನು ಅದರ ಪಾಡಿಗೆ ಬಿಟ್ಟುಬಿಡಿ. ಇದು ಪ್ರಾಣಾಯಾಮ ಅಲ್ಲ. ಉದ್ದ ಉಸಿರು ಬಂದರೆ ಉದ್ದ ಅಂತ ತಿಳಿಯಬೇಕು, ಗಿಡ್ಡ ಬಂದರೆ ಗಿಡ್ಡ ಅಂತ ತಿಳಿಯಬೇಕು. ಬುದ್ಧನ ಉಪದೇಶ ಶುರುವಾಗುವುದೇ ಇಲ್ಲಿಂದ. ತಿದ್ದುವ ಕೆಲಸ ಇಲ್ಲ.

ಈಗ ಮೂಗಿನ ಹೊಳ್ಳೆಯ ಅಂಚನ್ನು ಗಮನಿಸಿ. ಒಳಗೆ ಹೋಗುವ ಗಾಳಿ ಸ್ವಲ್ಪ ತಣ್ಣಗೆ, ಹೊರಗೆ ಬರುವುದು ಸ್ವಲ್ಪ ಬೆಚ್ಚಗೆ ಇರುತ್ತದೆ. ಕೆಲವರಿಗೆ ಮೇಲ್ದುಟಿಯ ಮೇಲೆ ಅದು ಚೆನ್ನಾಗಿ ತಿಳಿಯುತ್ತದೆ. ಎಲ್ಲಿ ಸ್ಪಷ್ಟವೋ ಅಲ್ಲೇ ನಿಲ್ಲಿ. ಊರಬಾಗಿಲ ಕಾವಲುಗಾರ ಒಳಗೆ ಹೋದವರ ಹಿಂದೆ ಹೋಗುವುದಿಲ್ಲ, ಹೊರಗೆ ಹೋದವರ ಹಿಂದೆಯೂ ಹೋಗುವುದಿಲ್ಲ. ಬಾಗಿಲಲ್ಲಿ ನಿಂತು ದಾಟುವವರನ್ನು ಮಾತ್ರ ನೋಡುತ್ತಾನೆ. ಬುದ್ಧಘೋಷ ಕೊಟ್ಟ ಈ ಹೋಲಿಕೆ ಸಾವಿರದ ಐನೂರು ವರ್ಷದ ಮೇಲೂ ನೇರವಾಗಿ ಉಪಯೋಗಕ್ಕೆ ಬರುತ್ತದೆ. ಉಸಿರಿನ ಜೊತೆ ಎದೆಯೊಳಕ್ಕೆ ಇಳಿಯಬೇಡಿ.

ಶುರುವಿನಲ್ಲಿ ಎಣಿಕೆ ಇಟ್ಟುಕೊಳ್ಳಿ. ಒಂದು ಉಸಿರು ಒಳಗೆ ಹೋಗಿ ಹೊರಗೆ ಬಂದಾಗ ಒಂದು. ಹೀಗೆ ಹತ್ತರವರೆಗೆ, ಆಮೇಲೆ ಮತ್ತೆ ಒಂದರಿಂದ. ಐದಕ್ಕಿಂತ ಕಡಿಮೆ ಎಣಿಸಬೇಡಿ, ಹತ್ತಕ್ಕಿಂತ ಜಾಸ್ತಿ ಎಣಿಸಬೇಡಿ ಅಂತ ಬುದ್ಧಘೋಷನೇ ಹೇಳುತ್ತಾನೆ. ಐದಕ್ಕಿಂತ ಕಡಿಮೆಯಾದರೆ ಇಕ್ಕಟ್ಟಿನ ದೊಡ್ಡಿಯಲ್ಲಿ ಕೂಡಿದ ದನಗಳ ಹಾಗೆ ಮನಸ್ಸು ಚಡಪಡಿಸುತ್ತದಂತೆ. ಹತ್ತು ದಾಟಿದರೆ ಗಮನ ಉಸಿರನ್ನು ಬಿಟ್ಟು ಲೆಕ್ಕಕ್ಕೆ ಅಂಟಿಕೊಳ್ಳುತ್ತದೆ.

ಎಣಿಕೆಯ ವೇಗಕ್ಕೂ ಅವನದೊಂದು ಹೋಲಿಕೆ ಇದೆ: ಧಾನ್ಯ ಅಳೆಯುವವನು. ಇದನ್ನು ಓದಿದಾಗ ನನಗೆ ನಮ್ಮೂರಿನ ಕಣ ನೆನಪಾಯಿತು. ರಾಶಿ ಅಳೆಯುವಾಗ ಅಜ್ಜ ಮೊದಲ ಸೇರಿಗೆ 'ಒಂದು' ಅನ್ನದೆ 'ಲಾಭ' ಅನ್ನುತ್ತಿದ್ದರು. ಆ ಸೇರು ತುಂಬಿ, ಮೇಲಿನದು ಕೈಯಲ್ಲಿ ಸವರಿ, ಚೀಲಕ್ಕೆ ಸುರಿದು ಮುಗಿಯುವ ತನಕ 'ಲಾಭಾ... ಲಾಭಾ...' ಅಂತ ರಾಗ ಎಳೆಯುತ್ತಲೇ ಇರುತ್ತಿದ್ದರು. ನಡುವೆ ಒಂದು ಕಡ್ಡಿ ಕಂಡರೆ ತೆಗೆದು ಬಿಸಾಡುತ್ತಿದ್ದರು, ರಾಗ ಮಾತ್ರ ನಿಲ್ಲುತ್ತಿರಲಿಲ್ಲ. ಸೇರು ಖಾಲಿಯಾದ ಮೇಲೆಯೇ 'ಎರಡು'. ಹಾಗೆ ಎಣಿಸಿ. ಉಸಿರು ಪೂರ್ತಿ ಮುಗಿಯುವ ತನಕ ಅದೇ ಅಂಕಿಯಲ್ಲಿ ಇರಿ.

ಕೋತಿ

ಒಂದು ದಿನ ಬೆಳಗ್ಗೆ ನಡೆದದ್ದನ್ನು ಹಾಗೇ ಹೇಳುತ್ತೇನೆ. ಎಣಿಕೆ ನಾಲ್ಕಕ್ಕೆ ಬಂದಿತ್ತು. ಪಕ್ಕದ ಮನೆಯ ಕುಕ್ಕರ್ ಸೀಟಿ ಹೊಡೆಯಿತು. ಬೇಳೆ ಬೇಯುತ್ತಿರಬೇಕು ಅನ್ನಿಸಿತು. ನಮ್ಮಲ್ಲಿ ತೊಗರಿಬೇಳೆ ಮುಗಿದಿದೆ. ಶನಿವಾರ ತರಬೇಕು. ಶನಿವಾರ ಅಕ್ಕ ಬರುತ್ತೇನೆ ಅಂದಿದ್ದಳು. ಹೋದ ಸಲ ಬಂದಾಗ ಆಸ್ತಿ ಮಾತು ತೆಗೆದಿದ್ದಳು. ಆಗ ನಾನು ಹೀಗನ್ನಬೇಕಿತ್ತು, ಅದಕ್ಕೆ ಅವಳು ಹಾಗಂದಿದ್ದರೆ ನಾನು ಇನ್ನೊಂದು ಹೇಳುತ್ತಿದ್ದೆ. ಹಲ್ಲು ಕಚ್ಚಿಕೊಂಡು ಕೂತಿದ್ದೆ. ಆಗ ತಿಳಿಯಿತು: ಉಸಿರು ಎಲ್ಲಿ? ಎಣಿಕೆ ಎಲ್ಲಿ?

ಆ 'ಎಲ್ಲಿ?' ಅನ್ನುವ ಕ್ಷಣವೇ ಈ ಅಭ್ಯಾಸದ ತಿರುಳು. ಸಾಮಾನ್ಯವಾಗಿ ಎಲ್ಲರೂ ಅಲ್ಲಿ ತಪ್ಪು ಮಾಡುತ್ತಾರೆ. 'ಛೆ, ಮತ್ತೆ ಹೋಯ್ತು, ನನ್ನಿಂದ ಆಗಲ್ಲ' ಅಂತ ತಮ್ಮನ್ನೇ ಬೈದುಕೊಳ್ಳುತ್ತಾರೆ. ನಿಜವಾಗಿ ಆ ಕ್ಷಣದಲ್ಲಿ ಏನು ಆಯಿತು ನೋಡಿ. ಓಡುತ್ತಿದ್ದ ಮನಸ್ಸು ತಾನು ಓಡುತ್ತಿದ್ದೇನೆ ಅಂತ ತಾನೇ ಕಂಡುಕೊಂಡಿತು. ಅಂಕುಶ ಕೆಲಸ ಮಾಡಿತು. ಸಂತೋಷಪಡಬೇಕಾದ ಹೊತ್ತು ಅದು.

ಆಗ ಮಾಡಬೇಕಾದದ್ದು ಇಷ್ಟೇ. ದವಡೆ ಸಡಿಲ ಬಿಡಿ. ಮುಂದಿನ ಉಸಿರು ಹಿಡಿಯಿರಿ. ಒಂದರಿಂದ ಎಣಿಸಿ. ಯೋಚನೆ ಎಲ್ಲಿಂದ ಶುರುವಾಯಿತು ಅಂತ ಕುಕ್ಕರ್‌ವರೆಗೆ ಹಿಂದೆ ನಡೆದು ಹೋಗಬೇಡಿ, ಅದೂ ಇನ್ನೊಂದು ಯೋಚನೆಯೇ. ಅಕ್ಕನ ವಿಷಯ ಈಗಲೇ ಬಗೆಹರಿಸಿಬಿಡೋಣ ಅಂತಲೂ ಹೊರಡಬೇಡಿ.

ಬೈಲಕುಪ್ಪೆಯಿಂದ ಸ್ವಲ್ಪ ದೂರದಲ್ಲೇ ದುಬಾರೆ ಆನೆ ಶಿಬಿರ ಇದೆ. ಹೋದರೆ ಮಾವುತರ ಕಾಲನ್ನು ಗಮನಿಸಿ. ಆನೆಯ ಕುತ್ತಿಗೆ ಮೇಲೆ ಕೂತವರು ಅದರ ಕಿವಿಯ ಹಿಂದೆ ಕಾಲ್ಬೆರಳಿನಿಂದ ಮೆಲ್ಲಗೆ ಒತ್ತುತ್ತಾರೆ. ಅಷ್ಟಕ್ಕೇ ಅಷ್ಟು ದೊಡ್ಡ ಪ್ರಾಣಿ ತಿರುಗುತ್ತದೆ. ಉಸಿರಿಗೆ ಮರಳುವಾಗಲೂ ಅಷ್ಟೇ ಒತ್ತು ಸಾಕು. 8ನೇ ಶತಮಾನದಲ್ಲಿ ನಾಲಂದದಲ್ಲಿದ್ದ ಶಾಂತಿದೇವನೂ ಮನಸ್ಸನ್ನು ಮದಿಸಿದ ಆನೆಗೆ ಹೋಲಿಸಿ, ಸ್ಮೃತಿಯ ಹಗ್ಗದಿಂದ ಅದನ್ನು ಕಟ್ಟಿದರೆ ಎಲ್ಲ ಭಯವೂ ದೂರವಾಗುತ್ತದೆ ಅಂದ.

ಚಿತ್ರದ ದಾರಿಯಲ್ಲಿ ಒಂಬತ್ತು ಹಂತಗಳಿವೆ. ಮೂರನೆಯ ಹಂತಕ್ಕೆ ಟಿಬೆಟಿಯನ್ನರು ಇಟ್ಟ ಹೆಸರಿನ ಅರ್ಥ ನನಗೆ ಬಹಳ ಇಷ್ಟ: ತೇಪೆ ಹಾಕುವುದು. ಗಮನ ಎಂಬ ಬಟ್ಟೆ ಅಲ್ಲಲ್ಲಿ ಹರಿಯುತ್ತದೆ. ಹರಿದದ್ದು ಕಂಡ ಕೂಡಲೇ ತೇಪೆ ಹಾಕುವುದು. ಹತ್ತು ನಿಮಿಷದಲ್ಲಿ ಐವತ್ತು ಸಲ ಹರಿದು ಐವತ್ತು ಸಲ ತೇಪೆ ಹಾಕಿದಿರಾ? ಅದು ಒಳ್ಳೆಯ ಧ್ಯಾನ. ಒಂಬತ್ತನೆಯ ಹಂತದ ಬಗ್ಗೆ ಈಗಲೇ ತಲೆ ಕೆಡಿಸಿಕೊಳ್ಳಬೇಡಿ. ದಿನನಿತ್ಯದ ನೆಮ್ಮದಿಗೆ ಮೊದಲ ಮೂರು ನಾಲ್ಕು ಹಂತಗಳೇ ಎಷ್ಟೋ ಕೊಡುತ್ತವೆ.

ಮೊಲ

ಕೆಲವು ತಿಂಗಳ ಅಭ್ಯಾಸ ಆದ ಮೇಲೆ ನನ್ನ ಕೋತಿ ಸುಮ್ಮನಾಯಿತು. ಕೂತರೆ ಯೋಚನೆಗಳೇ ಬರುತ್ತಿರಲಿಲ್ಲ. ಮೈ ಹಗುರ, ಎಲ್ಲ ಹಿತ, ಇಪ್ಪತ್ತು ನಿಮಿಷ ಹೋದದ್ದೇ ತಿಳಿಯುತ್ತಿರಲಿಲ್ಲ. ಸಿಕ್ಕೇಬಿಟ್ಟಿತು ಅಂದುಕೊಂಡೆ. ಹಿರಿಯ ಭಿಕ್ಷು ಒಬ್ಬರಿಗೆ ಇದನ್ನು ಹೇಳಿದಾಗ ಅವರು ಕೇಳಿದ್ದು ಒಂದೇ ಪ್ರಶ್ನೆ: "ಇವತ್ತು ಕೊನೆಯ ಉಸಿರು ಉದ್ದ ಇತ್ತಾ, ಗಿಡ್ಡ ಇತ್ತಾ?" ನನಗೆ ಗೊತ್ತಿರಲಿಲ್ಲ. ಕೊನೆಯದಿರಲಿ, ನಡುವಿನ ಯಾವ ಉಸಿರೂ ನೆನಪಿರಲಿಲ್ಲ.

ಇದಕ್ಕೇ ಲಯ ಅನ್ನುತ್ತಾರೆ. ಮನಸ್ಸು ಶಾಂತವಾಗಿ ಕಾಣುತ್ತದೆ, ಆದರೆ ಒಳಗೆ ಬೆಳಕಿಲ್ಲ. ದೀಪ ಅಲ್ಲಾಡುತ್ತಿಲ್ಲ, ನಿಜ. ಬತ್ತಿ ಸಣ್ಣಗಾಗಿಬಿಟ್ಟಿದೆ. ತೂಕಡಿಕೆ ಬಂದರೆ ತಲೆ ವಾಲಿ ಎಚ್ಚರ ಆಗುತ್ತದೆ. ಇದು ಅದಕ್ಕಿಂತ ನಯ, ಅದಕ್ಕೇ ಜಾಸ್ತಿ ಅಪಾಯ. ಮಂಕಾಗಿ ಕೂರುವುದನ್ನೇ ವರ್ಷಗಟ್ಟಲೆ ಮಾಡಿದರೆ ಬುದ್ಧಿ ಚುರುಕಾಗುವ ಬದಲು ಮಂದವಾಗುತ್ತದೆ ಅಂತ ಟಿಬೆಟಿಯನ್ ಗುರುಗಳು ಎಚ್ಚರಿಸುತ್ತಾರೆ.

ಮೊಲ ಬಂದಿದೆ ಅಂತ ಗೊತ್ತಾಗುವುದು ಹೇಗೆ? ಉಸಿರಿನ ಸ್ಪರ್ಶ ಮಸುಕಾಗಿರುತ್ತದೆ. ಎಣಿಕೆ ಯಾಂತ್ರಿಕವಾಗಿ ಓಡುತ್ತಿರುತ್ತದೆ, ಹನ್ನೊಂದು, ಹನ್ನೆರಡು ಅಂತ ದಾಟಿ ಹೋಗಿರುತ್ತದೆ. ಗಲ್ಲ ಎದೆ ಕಡೆ ಇಳಿದಿರುತ್ತದೆ. ಎದ್ದ ಮೇಲೆ ಚುರುಕಾಗಿರುವ ಬದಲು ಮಧ್ಯಾಹ್ನದ ನಿದ್ದೆಯಿಂದ ಎದ್ದ ಹಾಗೆ ಭಾರ ಅನ್ನಿಸುತ್ತದೆ. ಇದರಲ್ಲಿ ಎರಡು ಕಂಡರೂ ಮೊಲವೇ.

ಪರಿಹಾರ ಇದೆ. ಬುದ್ಧನ ಶಿಷ್ಯರಲ್ಲಿ ದೊಡ್ಡವನಾದ ಮೊಗ್ಗಲಾನನೇ ಮಗಧದ ಒಂದು ಹಳ್ಳಿಯಲ್ಲಿ ಧ್ಯಾನಕ್ಕೆ ಕೂತು ತೂಕಡಿಸುತ್ತಿದ್ದನಂತೆ. ಅವನಿಗೆ ಬುದ್ಧ ಕೊಟ್ಟ ಸಲಹೆಗಳು ಎಷ್ಟು ಮನೆಮದ್ದಿನ ಹಾಗಿವೆ ನೋಡಿ. ಯಾವ ಯೋಚನೆಯಲ್ಲಿದ್ದಾಗ ಮಂಪರು ಬಂತೋ ಅದನ್ನು ಬಿಡು. ಕಲಿತ ಪಾಠ ನೆನಪಿಸಿಕೋ, ಬಾಯಿಬಿಟ್ಟು ಹೇಳು. ಕಿವಿ ಹಿಡಿದೆಳೆದುಕೋ, ಕೈಕಾಲು ಉಜ್ಜಿಕೋ. ಎದ್ದು ಕಣ್ಣಿಗೆ ನೀರು ಹಾಕಿಕೋ, ಸುತ್ತ ನೋಡು, ನಕ್ಷತ್ರ ನೋಡು. ಹಗಲಿನ ಬೆಳಕನ್ನು ಮನಸ್ಸಿಗೆ ತಂದುಕೋ. ಅಡ್ಡಾಡು. ಅದಕ್ಕೂ ಹೋಗದಿದ್ದರೆ ಬಲಮಗ್ಗುಲಾಗಿ ಮಲಗು, ಎಚ್ಚರವಾದ ಕೂಡಲೇ ಏಳು.

ನಾನು ಮಾಡುವುದು ಹೀಗೆ. ಮಸುಕು ಅನ್ನಿಸಿದರೆ ಮೊದಲು ಬೆನ್ನು ಒಂದು ಬೆರಳಿನಷ್ಟು ಮೇಲಕ್ಕೆತ್ತುತ್ತೇನೆ. ಕಣ್ಣು ಪೂರ್ತಿ ತೆರೆದು ನೋಟವನ್ನು ಎದುರಿನ ಗೋಡೆಯವರೆಗೆ ಏರಿಸುತ್ತೇನೆ. ಮುಂದಿನ ಐದು ಉಸಿರನ್ನು ಮಗು ಮೊದಲ ಸಲ ಇರುವೆ ನೋಡುವ ಹಾಗೆ ನೋಡುತ್ತೇನೆ: ಎಲ್ಲಿ ಶುರುವಾಯಿತು, ಎಲ್ಲಿ ತಿರುಗಿತು, ಎಲ್ಲಿ ಮುಗಿಯಿತು. ಅದಕ್ಕೂ ಹೋಗದಿದ್ದರೆ ಎದ್ದು ಮುಖ ತೊಳೆದು ಬಂದು ಕೂರುತ್ತೇನೆ. ಅರೆ ತೆರೆದ ಕಣ್ಣಿನ ಗುಟ್ಟೂ ಇದೇ. ಸ್ವಲ್ಪ ಬೆಳಕು ಒಳಗೆ ಬರುತ್ತಿದ್ದರೆ ಮೊಲ ಹತ್ತಿರ ಬರಲು ಹಿಂಜರಿಯುತ್ತದೆ. ರಾತ್ರಿ ಪಾಳಿ ಮಾಡುವವರು, ಹಸುಗೂಸಿನ ತಾಯಂದಿರು ಮಾತ್ರ ಇಷ್ಟೆಲ್ಲ ಕಷ್ಟಪಡಬೇಡಿ. ನಿಮಗೆ ಬೇಕಿರುವುದು ನಿದ್ದೆ. ಹೋಗಿ ಮಲಗಿ.

ತಂತಿ ಎಷ್ಟು ಬಿಗಿ?

ಕೋತಿಗೆ ಮದ್ದು ಸಡಿಲ ಬಿಡುವುದು, ಮೊಲಕ್ಕೆ ಮದ್ದು ಬಿಗಿ ಮಾಡುವುದು. ಎರಡರ ನಡುವೆ ಹದ ಹುಡುಕುವುದೇ ಇಲ್ಲಿರುವ ಕಲೆ. ಸೋಣ ಎಂಬ ಭಿಕ್ಷು ಶ್ರೀಮಂತರ ಮನೆಯ ಹುಡುಗ. ರಾಜಗೃಹದ ಬಳಿ ಕಾಲಲ್ಲಿ ರಕ್ತ ಬರುವಷ್ಟು ನಡೆದು ಸಾಧನೆ ಮಾಡಿದ. ಫಲ ಸಿಗದೆ, ಮನೆಗೆ ಹೋಗಿಬಿಡಲೇ ಅಂದುಕೊಂಡ. ಬುದ್ಧ ಅವನನ್ನು ಕೇಳಿದ: ನೀನು ಮನೆಯಲ್ಲಿದ್ದಾಗ ವೀಣೆ ನುಡಿಸುತ್ತಿದ್ದೆಯಲ್ಲ, ತಂತಿ ತೀರ ಬಿಗಿಯಾದರೆ ನಾದ ಬರುತ್ತಿತ್ತೇ? ತೀರ ಸಡಿಲವಾದರೆ? ಸೋಣನಿಗೆ ಬೇರೆ ಉತ್ತರ ಬೇಕಾಗಲಿಲ್ಲ.

ಹದ ದಿನದಿನಕ್ಕೂ ಬೇರೆ. ಜಗಳ ಆಡಿ ಬಂದ ಸಂಜೆ ತಂತಿ ಬಿಗಿಯಾಗಿರುತ್ತದೆ. ಅವತ್ತು ನೋಟ ತಗ್ಗಿಸಿ, ಉಸಿರು ಬಿಡುವ ಭಾಗದ ಮೇಲೆ ಜಾಸ್ತಿ ನಿಲ್ಲಿ. ಸೋಮಾರಿ ಭಾನುವಾರ ಅದು ಸಡಿಲವಾಗಿರುತ್ತದೆ. ಅವತ್ತು ಕಣ್ಣು ತೆರೆದು ಕೂರಿ. ಅಡಿಗೆ ಮಾಡುವವರಿಗೆ ಇದನ್ನು ವಿವರಿಸಬೇಕಿಲ್ಲ. ಉರಿ ನೋಡಿ ಒಲೆ ಸರಿ ಮಾಡುತ್ತಾರಲ್ಲ, ಅದೇ ಕೈಗುಣ.

ಮೊದಲ ಆರು ವಾರ

ಮೊದಲ ಎರಡು ವಾರ ಬೆಳಗ್ಗೆ ಐದು ನಿಮಿಷ, ಸಂಜೆ ಐದು ನಿಮಿಷ. ಅದಕ್ಕಿಂತ ಜಾಸ್ತಿ ಬೇಡ. ಮನಸ್ಸು ಇನ್ನೂ ಸ್ವಲ್ಪ ಕೂರೋಣ ಅನ್ನುವಾಗಲೇ ಎದ್ದುಬಿಡಿ. ಚಿಕ್ಕದಾಗಿ, ಪದೇ ಪದೇ ಅನ್ನುವುದು ಟಿಬೆಟಿಯನ್ನರ ರೂಢಿ ಮಾತು. ಬೇಸರ ಬಂದ ಮೇಲೆ ಎದ್ದರೆ ಮರುದಿನ ಕೂರುವ ಮನಸ್ಸೇ ಆಗುವುದಿಲ್ಲ. ಮೂರು, ನಾಲ್ಕನೆಯ ವಾರ ಹತ್ತು ಹತ್ತು ನಿಮಿಷ ಮಾಡಿ. ಐದನೆಯ ವಾರದಿಂದ ಬೆಳಗ್ಗೆ ಹದಿನೈದು. ಎಣಿಕೆ ತಪ್ಪದೆ ಹತ್ತು ಸುತ್ತು ಆಗತೊಡಗಿದರೆ ಅಂಕಿ ಬಿಟ್ಟು ಬರೀ ಉಸಿರನ್ನು ಹಿಡಿಯಲು ನೋಡಿ. ಗಮನ ಹರಿದರೆ ಎಣಿಕೆಗೆ ವಾಪಸ್ ಬನ್ನಿ, ಅದರಲ್ಲಿ ಸೋಲೇನೂ ಇಲ್ಲ.

ಒಂದು ದಿನ ತಪ್ಪಿದರೆ ಮರುದಿನ ಎರಡರಷ್ಟು ಕೂತು ಸರಿದೂಗಿಸಬೇಡಿ. ಎಂದಿನಷ್ಟೇ ಕೂರಿ.

ಚಿತ್ರದಲ್ಲಿ ದಾರಿಯ ತಿರುವುಗಳಲ್ಲಿ ಬೆಂಕಿಯ ಜ್ವಾಲೆ ಬರೆದಿರುತ್ತಾರೆ. ಅದು ಪಡಬೇಕಾದ ಶ್ರಮ. ಕೆಳಗೆ ದೊಡ್ಡ ಜ್ವಾಲೆ, ಮೇಲೆ ಹೋದಂತೆ ಚಿಕ್ಕದು, ಕೊನೆಗೆ ಇಲ್ಲವೇ ಇಲ್ಲ. ಈಗ ಕಷ್ಟ ಅನ್ನಿಸುತ್ತಿದ್ದರೆ ನೀವು ಸರಿಯಾದ ಜಾಗದಲ್ಲೇ ಇದ್ದೀರಿ.

ದಿನದ ನಡುವೆ

ಬೆಳಗಿನ ಹತ್ತು ನಿಮಿಷ ಬೆಳಗ್ಗೆಯೇ ಮುಗಿದುಹೋಗಬಾರದು. ಬಸ್ ಕಾಯುವಾಗ, ಲಿಫ್ಟ್ ಬರುವ ತನಕ, ಹಾಲು ಉಕ್ಕುವ ಮೊದಲು ಮೂರು ಉಸಿರು ಮೂಗಿನ ತುದಿಯಲ್ಲಿ ನಿಲ್ಲಿ. ಮೈ ಚುರ್ ಅನ್ನಿಸುವ ಮೆಸೇಜ್ ಬಂದಾಗ ಉತ್ತರ ಟೈಪ್ ಮಾಡುವ ಮೊದಲು ಮೂರು ಉಸಿರು. ಮೊದಮೊದಲು ನೆನಪೇ ಆಗುವುದಿಲ್ಲ. ಬೈದು ಮುಗಿದ ಮೇಲೆ ನೆನಪಾಗುತ್ತದೆ. ಆಮೇಲೆ ಬೈಯುವಾಗ ನೆನಪಾಗುತ್ತದೆ. ಒಂದು ದಿನ ಬಾಯಿ ತೆರೆಯುವ ಮೊದಲೇ ನೆನಪಾಗುತ್ತದೆ. ಅಕ್ಕನ ಜೊತೆ ಆಸ್ತಿ ಮಾತು ಮತ್ತೆ ಬಂದಾಗ ನನಗೆ ಹಾಗೆ ಆಯಿತು. ನಾನು ಹೊಸದೇನೂ ಹೇಳಲಿಲ್ಲ. ಅವಳು ಮಾತು ಮುಗಿಸುವ ತನಕ ಕಾದೆ, ಅಷ್ಟೇ. ಅವಳು ಕೇಳುತ್ತಿದ್ದದ್ದು ಜಮೀನನ್ನಲ್ಲ, ಅಮ್ಮನ ಕಾಲದ ಒಂದು ಹಿತ್ತಾಳೆ ಕೊಳಗವನ್ನು ಅಂತ ಅವತ್ತೇ ನನಗೆ ಕೇಳಿಸಿದ್ದು.

ಬುದ್ಧನ ಉಪದೇಶದಲ್ಲಿ ಮನಸ್ಸನ್ನು ಮುಖ ನೋಡಿಕೊಳ್ಳುವ ನೀರಿಗೆ ಹೋಲಿಸಿದ ಜಾಗ ಒಂದಿದೆ. ಆಸೆ ಬಂದರೆ ನೀರಿಗೆ ಬಣ್ಣ ಕಲಸಿದ ಹಾಗೆ. ಸಿಟ್ಟು ಬಂದರೆ ಕುದಿಯುವ ನೀರು. ಮಂಪರು ಬಂದರೆ ಪಾಚಿ ಕಟ್ಟಿದ ನೀರು. ಕಳವಳ ಆದರೆ ಗಾಳಿಗೆ ಅಲೆ ಎದ್ದ ನೀರು. ಅನುಮಾನ ಬಂದರೆ ಕತ್ತಲಲ್ಲಿಟ್ಟ ಬಗ್ಗಡದ ನೀರು. ಯಾವುದರಲ್ಲೂ ಮುಖ ಕಾಣುವುದಿಲ್ಲ. ದಿನದಲ್ಲಿ ಒಂದೆರಡು ಸಲ 'ಈಗ ಯಾವ ನೀರು?' ಅಂತ ಕೇಳಿಕೊಳ್ಳಿ. ಕುದಿಯುತ್ತಿದೆ ಅಂತ ಗೊತ್ತಾದರೆ ಆ ಹೊತ್ತಿನಲ್ಲಿ ಯಾವ ನಿರ್ಧಾರವನ್ನೂ ತೆಗೆದುಕೊಳ್ಳದೆ ಇರಬಹುದು.

ಎಚ್ಚರಿಕೆ

ಕೂತಾಗ ಹಳೆಯ ದುಃಖ ಮೇಲೆ ಬಂದು ಅಳು ಬಂದರೆ ಹೆದರಬೇಡಿ, ಬರಲಿ. ಆದರೆ ಎದೆ ಡವಗುಟ್ಟಿ ಭಯ ಏರುತ್ತಲೇ ಹೋದರೆ, ಕೆಟ್ಟ ಘಟನೆಯೊಂದು ಕಣ್ಣೆದುರು ಮತ್ತೆ ಮತ್ತೆ ನಡೆದಂತಾದರೆ ಹಠ ಹಿಡಿದು ಕೂರಬೇಡಿ. ಕಣ್ಣು ತೆರೆದು, ಪಾದವನ್ನು ನೆಲಕ್ಕೆ ಒತ್ತಿ, ಎದ್ದು ನಡೆದಾಡಿ. ಖಿನ್ನತೆಗೋ ಬೇರೆ ಮಾನಸಿಕ ಕಾಯಿಲೆಗೋ ಚಿಕಿತ್ಸೆಯಲ್ಲಿರುವವರು ಧ್ಯಾನ ಶುರು ಮಾಡಿದೆ ಅಂತ ಮಾತ್ರೆ ನಿಲ್ಲಿಸಲೇಬಾರದು. ಡಾಕ್ಟರಿಗೆ ಹೇಳಿಯೇ ಶುರು ಮಾಡಿ. ಮನಸ್ಸು ತೀರ ಕುಸಿದಾಗ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಫೋನ್ ಮಾಡಬಹುದು. ಕನ್ನಡದಲ್ಲೇ ಮಾತಾಡಬಹುದು, ದುಡ್ಡು ಕೊಡಬೇಕಿಲ್ಲ.

ಗುರು ಬೇಕಾ?

ಶುರು ಮಾಡಲು ಬೇಡ. ಮುಂದುವರಿಯಲು ಬೇಕು. ನನ್ನ ಮೊಲವನ್ನು ನನಗೆ ತೋರಿಸಿದ್ದು ಇನ್ನೊಬ್ಬರೇ ಅಲ್ವಾ. ಈ ವಿಷಯದಲ್ಲಿ ಕನ್ನಡನಾಡಿನವರು ಅದೃಷ್ಟವಂತರು. 1960ರಲ್ಲಿ ಆಗಿನ ಮೈಸೂರು ಸರ್ಕಾರ ಟಿಬೆಟ್ ಬಿಟ್ಟು ಬಂದವರಿಗೆ ಬೈಲಕುಪ್ಪೆಯಲ್ಲಿ ಜಾಗ ಕೊಟ್ಟಿತು. ಇವತ್ತು ಅಲ್ಲಿ ಸೆರಾ ಮಠ ಇದೆ, 1963ರಲ್ಲಿ ಪೆನೋರ್ ರಿಂಪೋಚೆ ಶುರು ಮಾಡಿದ ನಾಮ್‌ಡ್ರೋಲಿಂಗ್ ಇದೆ. ಮುಂಡಗೋಡಿನಲ್ಲಿ ಡ್ರೆಪುಂಗ್, ಗಾಂದೆನ್ ಮಠಗಳಿವೆ. ಬೆಂಗಳೂರಿನ ಗಾಂಧಿನಗರದಲ್ಲಿ ಆಚಾರ್ಯ ಬುದ್ಧರಕ್ಖಿತರು 1956ರಲ್ಲಿ ಕಟ್ಟಿದ ಮಹಾಬೋಧಿ ಸೊಸೈಟಿ ಇದೆ. ಅದು ಪಾಳಿ ಪರಂಪರೆಯದು. ಗೋಯೆಂಕಾ ಅವರ ಕ್ರಮದ ಹತ್ತು ದಿನದ ವಿಪಶ್ಯನ ಶಿಬಿರಗಳಲ್ಲೂ ಮೊದಲ ಮೂರು ದಿನ ಉಸಿರಿನ ಅಭ್ಯಾಸವೇ. ಅಲ್ಲಿ ಶುಲ್ಕ ಇಲ್ಲ. ಆದರೆ ದಿನಕ್ಕೆ ಹತ್ತು ಗಂಟೆ ಕೂರಬೇಕು. ಮನೆಯಲ್ಲಿ ಒಂದೆರಡು ತಿಂಗಳು ಅಭ್ಯಾಸ ಮಾಡಿಕೊಂಡು ಹೋಗುವುದು ಒಳ್ಳೆಯದು ಅಂತ ನನ್ನ ಅಭಿಪ್ರಾಯ. ಬೈಲಕುಪ್ಪೆಗೆ ಹೋದಾಗ ಚಿನ್ನದ ಬುದ್ಧನ ಮುಂದೆ ಫೋಟೋ ತೆಗೆದು ವಾಪಸ್ ಬರಬೇಡಿ. ಅಲ್ಲೇ ಗೋಡೆ ಬದಿಯಲ್ಲಿ ಹತ್ತು ನಿಮಿಷ ಕೂತು ಬನ್ನಿ.

ಏಳುವುದು

ಕೂರುವುದನ್ನು ಇಷ್ಟು ಹೇಳಿ ಏಳುವುದನ್ನು ಬಿಟ್ಟರೆ ತಪ್ಪಾಗುತ್ತದೆ. ಅಲಾರಂ ಹೊಡೆದ ತಕ್ಷಣ ದಡಬಡ ಎದ್ದರೆ ಕಟ್ಟಿದ್ದೆಲ್ಲ ಚೆಲ್ಲಿಹೋಗುತ್ತದೆ, ತುಂಬಿದ ಕೊಡ ಕುಲುಕಿದ ಹಾಗೆ. ಅಲಾರಂ ನಿಲ್ಲಿಸಿ. ಇನ್ನೂ ಮೂರು ಉಸಿರು ಕೂರಿ. ಇವತ್ತಿನ ಈ ಕೂರುವಿಕೆಯಿಂದ ನನಗೂ, ಈ ಮನೆಯವರಿಗೂ, ನಾನು ಇವತ್ತು ಎದುರಾಗುವ ಎಲ್ಲರಿಗೂ ಒಳ್ಳೆಯದಾಗಲಿ ಅಂತ ಅಂದುಕೊಳ್ಳಿ. ಬೌದ್ಧರಲ್ಲಿ ಬಹಳ ಜನ ಇದನ್ನು ಬಿಟ್ಟು ಏಳುವುದಿಲ್ಲ. ಆಮೇಲೆ ಕೈಬೆರಳು ಆಡಿಸಿ, ಕಾಲು ಚಾಚಿ, ಜೋಮು ಹಿಡಿದಿದ್ದರೆ ಮೀನಖಂಡ ಉಜ್ಜಿಕೊಳ್ಳಿ. ಜಮಖಾನ ಮಡಚಿ ಅದರ ಜಾಗದಲ್ಲಿ ಇಡಿ. ಕಾಫಿ ಕುಡಿದು ಮುಗಿಯುವ ತನಕ ಮೊಬೈಲ್ ಇನ್ನೊಂದು ಕೋಣೆಯಲ್ಲೇ ಇರಲಿ.